ರೋಗಿಯನ್ನು ನೋಡಿಕೊಳ್ಳುವವರಿಗೂ ಪಾಠ ಬೇಕು

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಮನೆಮಂದಿಗೆಲ್ಲ ದೊಡ್ಡ ಸಮಾಧಾನ. ಬಿಲ್ ಕಟ್ಟಿ, ಫೈಲು ಮತ್ತು ಮಾತ್ರೆಯ ಚೀಲ ಹಿಡಿದು, ರೋಗಿಯನ್ನು ವಾಹನದಲ್ಲಿ ಮೆಲ್ಲಗೆ ಮಲಗಿಸಿ ಊರಿಗೆ ಕರೆದುಕೊಂಡು ಬರ್ತೇವೆ. "ಇನ್ನು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ" ಎಂದು ಡಾಕ್ಟರ್ ಹೇಳಿರುತ್ತಾರೆ. ನಾವೂ ತಲೆಯಾಡಿಸಿರುತ್ತೇವೆ. ಆದರೆ ಚೆನ್ನಾಗಿ ಎಂದರೆ ಹೇಗೆ? ಅದನ್ನು ಯಾರು ಯಾರಿಗೆ ಕಲಿಸಿದ್ದಾರೆ?

ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಮೂರು ಪಾಳಿಯಲ್ಲಿ ನರ್ಸ್‌ಗಳು ಇರುತ್ತಾರೆ. ಅವರು ವರ್ಷಗಟ್ಟಲೆ ಓದಿ ಬಂದವರು. ಮನೆಗೆ ಬಂದ ಮೇಲೆ ಆ ಮೂರೂ ಪಾಳಿ ಒಬ್ಬಳೇ ಹೆಣ್ಣುಮಗಳ ತಲೆಗೆ ಬೀಳುತ್ತದೆ. ಹೆಚ್ಚಾಗಿ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು, ಅಥವಾ ತನಗೇ ಅರುವತ್ತು ದಾಟಿದ ಹೆಂಡತಿ. ಗಂಡಸರು ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುತ್ತಾರೆ, ಇಲ್ಲವೇ ಬೆಳಗ್ಗೆ ಅಂಗಡಿಗೆ ಹೋದರೆ ರಾತ್ರಿ ಇಶಾ ಕಳೆದು ಬರುವವರು. ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಮಾಡಿ "ಉಮ್ಮ ಹೇಗಿದ್ದಾರೆ" ಎಂದು ಕೇಳುವುದು ಸುಲಭ. ರಾತ್ರಿ ಎರಡು ಗಂಟೆಗೆ ಎದ್ದು ಉಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುವವಳು ಹೇಗಿದ್ದಾಳೆ ಎಂದು ಕೇಳುವವರು ಕಡಿಮೆ.

ನಮ್ಮ ಮೊಹಲ್ಲಾದಲ್ಲಿ ರೋಗಿಗಳಿರುವ ಮನೆಗಳಿಗೆ ದುಆ ಮಾಡಲು ಹೋಗುವಾಗ ನಾವು ಕಾಣುವುದು ಇದನ್ನೇ. ಪ್ರೀತಿಗೆ ಎಲ್ಲಿಯೂ ಕೊರತೆ ಇಲ್ಲ. ಕೊರತೆ ಇರುವುದು ತಿಳಿವಳಿಕೆಗೆ. ಸ್ಟ್ರೋಕ್ ಆಗಿ ಮಲಗಿದ ಒಬ್ಬ ಹಿರಿಯರಿಗೆ ಒಂದೇ ತಿಂಗಳಲ್ಲಿ ಸೊಂಟದ ಕೆಳಗೆ ಹುಣ್ಣಾಗಿತ್ತು. ಸೊಸೆ ದಿನಾ ಮೈ ಒರೆಸುತ್ತಿದ್ದಳು, ಶುಭ್ರ ಬಟ್ಟೆ ಹಾಕುತ್ತಿದ್ದಳು, ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬ ಒಂದು ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಆ ಹುಣ್ಣಿಗಾಗಿಯೇ ಮತ್ತೆ ಆಸ್ಪತ್ರೆ ಸೇರಬೇಕಾಯ್ತು. ಅದಕ್ಕಿಂತ ನೋವಿನ ಸಂಗತಿ ಎಂದರೆ, ನೋಡಲು ಬಂದ ಸಂಬಂಧಿಕರು "ಸರಿಯಾಗಿ ನೋಡಿಕೊಂಡಿಲ್ಲ" ಎಂದು ಆಕೆಯ ಮೇಲೆಯೇ ತಪ್ಪು ಹೊರಿಸಿದರು. ಕಲಿಸದ ಪಾಠಕ್ಕೆ ಪರೀಕ್ಷೆ ಇಟ್ಟು ಫೇಲ್ ಮಾಡಿದ ಹಾಗಲ್ಲವೇ ಇದು?

ವರಾಂಡದಲ್ಲಿ ಕಾಯುವವರಿಗೆ ಕ್ಲಾಸ್

ಈ ಕೊರತೆಯನ್ನು ಗಮನಿಸಿ ಕೆಲಸ ಶುರುಮಾಡಿದ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2012ರ ಸುಮಾರಿಗೆ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ವರಾಂಡದಲ್ಲಿ ದಿನಗಟ್ಟಲೆ ಕಾಯುತ್ತಿದ್ದ ಮನೆಯವರು. ಹೃದಯದ ಆಪರೇಷನ್ ಆದ ರೋಗಿಯನ್ನು ಮನೆಗೆ ಹೋದ ಮೇಲೆ ನೋಡಿಕೊಳ್ಳುವವರು ಇವರೇ. ಇವರಿಗೆ ಸಮಯ ಇದೆ, ಆಸಕ್ತಿ ಇದೆ, ಆತಂಕವೂ ಇದೆ. ಆದರೆ ಹೇಳಿಕೊಡುವವರು ಇಲ್ಲ. ಹಾಗೆ ಶುರುವಾದದ್ದು 'ನೂರಾ ಹೆಲ್ತ್' ಎಂಬ ಸಂಸ್ಥೆ. ಆಸ್ಪತ್ರೆಯ ನರ್ಸ್‌ಗಳಿಗೇ ತರಬೇತಿ ಕೊಟ್ಟು, ಅವರಿಂದ ವಾರ್ಡ್‌ನಲ್ಲೇ ಮನೆಯವರಿಗೆ ಸ್ಥಳೀಯ ಭಾಷೆಯಲ್ಲಿ ಪಾಠ ಮಾಡಿಸುವುದು ಅವರ ಕ್ರಮ. ಕೈ ತೊಳೆಯುವುದು ಹೇಗೆ, ಗಾಯ ನೋಡಿಕೊಳ್ಳುವುದು ಹೇಗೆ, ಯಾವ ಲಕ್ಷಣ ಕಂಡರೆ ಕೂಡಲೇ ಓಡಿ ಬರಬೇಕು, ಇಂಥ ಸಂಗತಿಗಳನ್ನು ಮಾಡಿ ತೋರಿಸಿ ಕಲಿಸುತ್ತಾರೆ. ಮುಂದೆ ಇದು ಕರ್ನಾಟಕ, ಪಂಜಾಬ್ ಮುಂತಾದ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿತು.

ಇದರಲ್ಲಿ ನಮಗೊಂದು ಪಾಠ ಇದೆ. ಮನೆಯವರು ಆಸ್ಪತ್ರೆಯಲ್ಲಿರುವಾಗಲೇ ಕೇಳಿ ಕಲಿಯಬೇಕು. ಡಿಸ್ಚಾರ್ಜ್ ಚೀಟಿ ಇಂಗ್ಲಿಷ್‌ನಲ್ಲಿ ಇರುತ್ತದೆ, ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಹೊರಡುವ ಮೊದಲು ನರ್ಸ್ ಹತ್ತಿರ "ಒಮ್ಮೆ ಮಾಡಿ ತೋರಿಸಿ, ಆಮೇಲೆ ನಾನು ಮಾಡ್ತೇನೆ, ಸರಿ ಇದೆಯಾ ನೋಡಿ" ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸ್‌ಗಳು ಬಹಳ ಮಂದಿ. ಬ್ಯಾರಿ ಭಾಷೆ ಬಲ್ಲವರಿಗೆ ಮಲಯಾಳದಲ್ಲಿ ಮಾತಾಡುವುದು ಕಷ್ಟವೂ ಅಲ್ಲ. ಅವರು ಅನುಮತಿ ಕೊಟ್ಟರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಬಹುದು. ಇನ್ನೊಂದು ಮಾತು. ಡಾಕ್ಟರ್ ಎದುರು ಹೋಗಿ ಮಾತಾಡುವವರು ಮನೆಯ ಗಂಡಸರು, ಕೆಲಸ ಮಾಡುವವರು ಹೆಂಗಸರು. ಹೀಗಾದರೆ ಅರ್ಧ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ. ಯಾರು ಶುಶ್ರೂಷೆ ಮಾಡುವವರೋ ಅವರೇ ಕೂತು ಕೇಳಬೇಕು.

ಮನೆಯಲ್ಲಿ ತಿಳಿದಿರಲೇಬೇಕಾದದ್ದು

ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ಇದು ಡಾಕ್ಟರ್ ಮಾತಿಗೆ ಬದಲಿ ಅಲ್ಲ. ಡಾಕ್ಟರ್ ಹತ್ತಿರ ಏನು ಕೇಳಬೇಕು ಎಂದು ತಿಳಿಯಲು ಅಷ್ಟೆ.

ಮಲಗಿದಲ್ಲೇ ಇರುವವರಿಗೆ ದೊಡ್ಡ ಶತ್ರು ಹಾಸಿಗೆ ಹುಣ್ಣು. ಒಂದೇ ಕಡೆ ಭಾರ ಬಿದ್ದಾಗ ಅಲ್ಲಿಗೆ ರಕ್ತ ಹೋಗುವುದು ನಿಂತು ಚರ್ಮ ಸಾಯುತ್ತದೆ. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ, ಮಗ್ಗುಲಾಗಿ ಮಲಗುವಾಗ ಸೊಂಟದ ಪಕ್ಕದ ಎಲುಬು, ಈ ಜಾಗಗಳನ್ನು ದಿನಾ ಬೆಳಕಿನಲ್ಲಿ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚರ್ಮ ಕೆಂಪಾಗಿದ್ದರೆ ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ತಿಕ್ಕಿದರೆ ಒಳಗಿನ ಹಾನಿ ಹೆಚ್ಚುತ್ತದೆ. ಏರ್ ಬೆಡ್, ವಾಟರ್ ಬೆಡ್ ಒಳ್ಳೆಯದೇ. ಆದರೆ ಅದು ಇದ್ದರೂ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿನೀರಿನ ಚೀಲ ಇಡಲೇಬಾರದು. ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ.

ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ. ಮಲಗಿಸಿಕೊಂಡು ನೀರು, ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಬೇಕು. ಊಟ ಆದ ಮೇಲೂ ಅರ್ಧ ಗಂಟೆ ಕೂರಿಸಿಯೇ ಇಡಬೇಕು. ಊಟದ ನಡುವೆ ಕೆಮ್ಮು ಬಂದರೆ, ಸ್ವರ ಒದ್ದೆಯಾದ ಹಾಗೆ ಕೇಳಿದರೆ ನಿಲ್ಲಿಸಿ ಡಾಕ್ಟರ್‌ಗೆ ತಿಳಿಸಬೇಕು. ಮೂಗಿನ ಟ್ಯೂಬ್ ಇದ್ದರೆ, ಹೊರಗೆ ಉಳಿದ ಟ್ಯೂಬಿನ ಗುರುತು ಮೊದಲಿನ ಜಾಗದಲ್ಲೇ ಇದೆಯೇ ಎಂದು ಪ್ರತಿ ಸಲ ನೋಡದೆ ಏನನ್ನೂ ಹಾಕಬಾರದು. ಜರುಗಿದ್ದರೆ ನಾವೇ ಒಳಗೆ ತಳ್ಳುವುದು ಬೇಡ.

ಮೂತ್ರದ ಪೈಪ್ ಹಾಕಿದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಮೇಲೆ ಎತ್ತಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ. ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಬೇಕು. ಜ್ವರ, ಚಳಿ, ಮೂತ್ರ ಕದಡಿದ ಬಣ್ಣ, ಗಂಟೆಗಟ್ಟಲೆ ಮೂತ್ರವೇ ಬಾರದಿರುವುದು, ಇವೆಲ್ಲ ತಡ ಮಾಡದೆ ತೋರಿಸಬೇಕಾದ ಲಕ್ಷಣಗಳು.

ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕಬೇಕು. ಇನ್ಸುಲಿನ್ ತೆಗೆದುಕೊಂಡವರು ಬೆವತು, ನಡುಗಿ, ಏನೇನೋ ಮಾತಾಡಲು ಶುರುಮಾಡಿದರೆ ಸಕ್ಕರೆ ಇಳಿದಿದೆ ಎಂದು ತಿಳಿಯಬೇಕು. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇನ್ಸುಲಿನ್ ಅನ್ನು ಫ್ರಿಡ್ಜ್‌ನಲ್ಲಿ ಇಡಬೇಕು, ಆದರೆ ಐಸ್ ಆಗುವ ಜಾಗದಲ್ಲಿ ಅಲ್ಲ.

ಸ್ಟ್ರೋಕ್‌ನ ಗುರುತು ಮಕ್ಕಳಿಗೂ ಕಲಿಸಿಡಬೇಕು. ಮುಖ ಒಂದು ಕಡೆ ವಾಲುವುದು, ಒಂದು ಕೈಗೆ ಬಲ ಇಲ್ಲದಿರುವುದು, ಮಾತು ತೊದಲುವುದು. ಇದರಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತಾ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ತಲುಪಿರಬೇಕು. ಅದಕ್ಕೇ, ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಡಬೇಕು.

ನೋಡಲು ಬರುವವರ ಕೈಯಲ್ಲಿ ಬೊಂಡ

ರೋಗಿಯ ಸಂದರ್ಶನ ನಮ್ಮಲ್ಲಿ ದೊಡ್ಡ ಸುನ್ನತ್. ಆದರೆ ಅದಕ್ಕೂ ಒಂದು ಅದಬು ಬೇಕು. ಡಯಾಲಿಸಿಸ್ ಮಾಡಿಸುವ ಮನೆಗೆ ಹೋಗುವಾಗ ನಾವು ಏನು ಕೊಂಡು ಹೋಗುತ್ತೇವೆ? ಬೊಂಡ, ಬಾಳೆಹಣ್ಣು, ಕಿತ್ತಳೆ. ಇವುಗಳಲ್ಲಿ ಪೊಟಾಸಿಯಂ ಹೆಚ್ಚು. ಕಿಡ್ನಿ ಸೋತವರ ದೇಹದಿಂದ ಅದು ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. "ಬೊಂಡ ತಂಪು, ಏನೂ ಆಗುದಿಲ್ಲ, ಕುಡೀರಿ" ಎಂದು ಒತ್ತಾಯ ಮಾಡುವವರಿಗೆ ಬೇಡ ಎನ್ನಲು ಸೊಸೆಗೆ ಸಂಕೋಚ. ನಮ್ಮ ಹಿತ್ತಿಲಲ್ಲಿ ಸಿಗುವ ದಾರೆಹುಳಿ, ಬಿಂಬುಳಿಯ ರಸವೂ ಕಿಡ್ನಿಗೆ ಅಪಾಯ. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿದ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಬಾರದು. ಕೈ ಹಿಡಿದು ಎಬ್ಬಿಸುವ ಸಂಬಂಧಿಕರಿಗೂ ಇದು ಗೊತ್ತಿರಬೇಕು.

ಸಂದರ್ಶನಕ್ಕೆ ಹೋದವರು ಹತ್ತು ನಿಮಿಷ ಕೂತು, ದುಆ ಮಾಡಿ, ಹೊರಟರೆ ಚೆಂದ. ಇಪ್ಪತ್ತು ಮಂದಿಗೆ ಚಹಾ ಮಾಡುವ ಕೆಲಸವೂ ಅದೇ ಹೆಣ್ಣುಮಗಳಿಗೆ ಬೀಳುತ್ತದೆ ಎಂಬುದು ನೆನಪಿರಲಿ. ಹಣ್ಣಿನ ಬದಲು ಆ ಮನೆಗೆ ಒಂದು ಹೊತ್ತಿನ ಊಟ ಕೊಂಡುಹೋದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. "ನಾವು ಎರಡು ಗಂಟೆ ಇಲ್ಲಿ ಕೂರ್ತೇವೆ, ನೀನು ಹೋಗಿ ಮಲಗು ಮೋಳೇ" ಎಂದರೆ ಇನ್ನೂ ದೊಡ್ಡದು.

ದೀನು ಏನು ಹೇಳುತ್ತದೆ

ರೋಗಿಯ ಶುಶ್ರೂಷೆಯನ್ನು ದೀನು ಸಣ್ಣ ಕೆಲಸ ಎಂದು ಎಣಿಸಿಲ್ಲ. ಬದ್ರ್ ಯುದ್ಧದ ಹೊತ್ತಿಗೆ ಪ್ರವಾದಿಯವರ (ಸ) ಮಗಳು ರುಖಿಯ್ಯಾರಿಗೆ ಕಾಯಿಲೆ. ಅವರ ಪತಿ ಉಸ್ಮಾನ್ (ರ) ಹೆಂಡತಿಯ ಆರೈಕೆಗಾಗಿ ಮದೀನಾದಲ್ಲೇ ಉಳಿದರು. ಬದ್ರ್‌ನಲ್ಲಿ ಭಾಗವಹಿಸಿದವರಿಗೆ ಸಿಗುವ ಪ್ರತಿಫಲವೂ ಪಾಲೂ ಉಸ್ಮಾನರಿಗೂ ಇದೆ ಎಂದು ಪ್ರವಾದಿಯವರು ತಿಳಿಸಿದ್ದು ಬುಖಾರಿಯ ಹದೀಸ್‌ನಲ್ಲಿ ಬಂದಿದೆ. ಇಲ್ಲಿ ಇನ್ನೊಂದು ಅಂಶ ಗಮನಿಸಬೇಕು. ಹೆಂಡತಿಯ ಆರೈಕೆಗೆ ಕೂತದ್ದು ಗಂಡ. ರೋಗಿಯ ಕೆಲಸ ಹೆಂಗಸರದ್ದು ಮಾತ್ರ ಎಂದು ನಮ್ಮಲ್ಲಿ ಹೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರಿಗೆ ಮಸೀದಿಯಲ್ಲೇ ಡೇರೆ ಹಾಕಲಾಗಿತ್ತು. ಗಾಯಾಳುಗಳ ಶುಶ್ರೂಷೆಗೆ ಹೆಸರಾದ ರುಫೈದಾ ಎಂಬ ಮಹಿಳೆಯನ್ನು ಚರಿತ್ರೆ ಇದೇ ಸಂದರ್ಭದಲ್ಲಿ ನೆನಪಿಸುತ್ತದೆ.

ರೋಗಿಯನ್ನು ಬಿಟ್ಟು ಹೋಗಲಾಗದವರಿಗೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ, ಜುಮುಆ ಮತ್ತು ಜಮಾಅತ್‌ಗೆ ಹೋಗದಿರಲು ಅದು ಉಝ್ರ್ ಆಗುತ್ತದೆ ಎಂದು ಶಾಫಿಈ ಫಿಖ್ಹ್ ಗ್ರಂಥಗಳಲ್ಲಿದೆ. ನಿಂತು ನಮಾಝ್ ಮಾಡಲಾಗದವರು ಕೂತು, ಕೂರಲಾಗದವರು ಮಲಗಿ ಮಾಡಬಹುದು. ನೀರು ತಾಗಬಾರದ ಗಾಯ ಇದ್ದರೆ ತಯಮ್ಮುಮ್ ಇದೆ. ಕಾಯಿಲೆಯವರಿಗೆ ಉಪವಾಸದ ರಿಯಾಯಿತಿ ಖುರ್‌ಆನ್‌ನಲ್ಲೇ ಇದೆ. ಗುಣವಾಗುವ ನಿರೀಕ್ಷೆ ಇಲ್ಲದವರು ಫಿದ್‌ಯ ಕೊಟ್ಟರೆ ಸಾಕು. ಆದರೂ ರಮಝಾನ್ ಬಂದರೆ ಇನ್ಸುಲಿನ್ ಚುಚ್ಚುವ ಹಿರಿಯರು ಹಟ ಹಿಡಿದು ಉಪವಾಸ ಹಿಡಿಯುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿದರೆ ಉಪವಾಸ ಮುರಿಯುತ್ತದೆ ಎಂದು ಬೆರಳು ಕೊಡುವುದಿಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ. ಇಂಥ ವಿಷಯದಲ್ಲಿ ಸೊಸೆ ಹೇಳಿದರೆ ಕೇಳದವರು ಉಸ್ತಾದರು ಹೇಳಿದರೆ ಕೇಳುತ್ತಾರೆ. ಆದ್ದರಿಂದ ಹೇಳಬೇಕಾದ ಜವಾಬ್ದಾರಿ ನಮ್ಮಂಥ ಉಸ್ತಾದರುಗಳ, ಖತೀಬರ ಮೇಲಿದೆ. ರಮಝಾನ್‌ಗೆ ಎರಡು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಹೋಗಿ ಕೇಳಿ ಎಂದು ಜುಮುಆ ದಿನ ಒಂದು ಮಾತು ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರ.

ನೋಡಿಕೊಳ್ಳುವವರ ಮೈ, ಮನಸ್ಸು

ರೋಗಿಯನ್ನು ಎತ್ತಿ ಎತ್ತಿ ಸೊಂಟ ಹೋದವರು ಎಷ್ಟು ಮಂದಿ! ಎತ್ತುವುದಕ್ಕೂ ಕ್ರಮ ಇದೆ. ಬೆನ್ನು ಬಗ್ಗಿಸದೆ ಮಂಡಿ ಮಡಚಿ, ರೋಗಿಯನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು. ಸೊಂಟದ ಅಡಿಗೆ ಮಡಚಿದ ಬೆಡ್‌ಶೀಟ್ ಹಾಸಿ ಇಬ್ಬರು ಎರಡು ಕಡೆಯಿಂದ ಹಿಡಿದರೆ ಮೇಲೆ ಸರಿಸುವುದು ಸುಲಭ. ಒಬ್ಬಳೇ ಎಳೆಯುವುದು ಬೇಡ.

ಮನಸ್ಸಿನ ಭಾರ ಇನ್ನೂ ಹೆಚ್ಚು. ನಿದ್ದೆ ಇಲ್ಲ, ತವರಿನ ಮದುವೆಗೆ ಹೋಗಲಿಕ್ಕಿಲ್ಲ, ಮಕ್ಕಳ ಓದು ನೋಡಲು ಹೊತ್ತಿಲ್ಲ. ಮರೆವಿನ ಕಾಯಿಲೆಯವರು "ನನಗೆ ಊಟವೇ ಕೊಟ್ಟಿಲ್ಲ" ಎಂದು ಬಂದವರ ಹತ್ತಿರ ದೂರು ಹೇಳುತ್ತಾರೆ. ಅದು ಕಾಯಿಲೆಯ ಮಾತು ಎಂದು ತಿಳಿಯದ ನಾದಿನಿಯರು ಜಗಳಕ್ಕೆ ನಿಲ್ಲುತ್ತಾರೆ. ಒಂದೊಂದು ಸಲ ಸಿಟ್ಟು ಬರುತ್ತದೆ, ಆಮೇಲೆ ಪಾಪಭೀತಿ ಕಾಡುತ್ತದೆ. ದಣಿವಾಗುವುದು ಈಮಾನ್ ಕಡಿಮೆಯಾದ್ದರಿಂದ ಅಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದ ದೀನು ನಮ್ಮದು. ಮನಸ್ಸು ತೀರ ಕುಗ್ಗಿದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹಿರಿಯರ ವಿಷಯದ ಸಹಾಯಕ್ಕೆ 14567 ಇದೆ.

ಪಕ್ಕದ ಊರಿನಿಂದ ಕಲಿಯುವುದು

ತಲಪಾಡಿ ದಾಟಿದರೆ ಕೇರಳ. ಅಲ್ಲಿ 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ಪೈನ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಗುಣಪಡಿಸಲಾಗದ ಕಾಯಿಲೆಯಲ್ಲೂ ನೋವು ಕಡಿಮೆ ಮಾಡಬಹುದು ಎಂಬುದು ಅವರ ದಾರಿ. ಎಲ್ಲ ರೋಗಿಗಳೂ ಆಸ್ಪತ್ರೆಗೆ ಬರಲಾರರು ಎಂದು ಕಂಡಾಗ ಊರಿನವರನ್ನೇ ಸೇರಿಸಿಕೊಂಡರು. ಮಲಪ್ಪುರಂ ಜಿಲ್ಲೆಯಲ್ಲಿ ಬೆಳೆದ ಆ ನೆರೆಹೊರೆಯ ಜಾಲದಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಯಾರೂ ಸೇರಬಹುದು. ಮೇಸ್ತ್ರಿ, ಅಂಗಡಿಯವರು, ಕಾಲೇಜು ಮಕ್ಕಳು, ಗೃಹಿಣಿಯರು ತರಬೇತಿ ಪಡೆದು ನರ್ಸ್ ಜೊತೆ ಮನೆಮನೆಗೆ ಹೋಗುತ್ತಾರೆ. 2008ರಲ್ಲಿ ಕೇರಳ ಸರ್ಕಾರವೇ ಪ್ಯಾಲಿಯೇಟಿವ್ ಕೇರ್ ನೀತಿ ತಂದಿತು. ಈಗ ಪಂಚಾಯತ್ ಮಟ್ಟದಲ್ಲಿ ನರ್ಸ್ ಮನೆಗೆ ಬರುತ್ತಾರೆ. ಮಲಗಿದ ರೋಗಿಯನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ನೆರವೂ ಇದೆ. ಹಣ ಸಣ್ಣದು. ಆದರೆ ಈಕೆ ಮಾಡುವುದು ಕೆಲಸ ಎಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣದಲ್ಲ.

ನಮಗೂ ಕಾನೂನಿನ ಆಸರೆ ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಯುಡಿಐಡಿ ಕಾರ್ಡ್ ಮಾಡಿಸಿದರೆ ಇಂಥ ಸೌಲಭ್ಯ ಪಡೆಯಲು ಸುಲಭ. ಎಂಡೋಸಲ್ಫಾನ್‌ನಿಂದ ನೊಂದ ಮಕ್ಕಳಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಡೇ ಕೇರ್ ಕೇಂದ್ರ ಶುರುವಾದಾಗ ತಾಯಂದಿರಿಗೆ ಹಗಲು ಒಂದಿಷ್ಟು ಉಸಿರಾಡುವಂತಾಯಿತು. ಬೇಕಾದದ್ದು ಅಂಥ ಉಸಿರು.

ಜಮಾಅತ್ ಏನು ಮಾಡಬಹುದು

ನಮ್ಮ ಜಮಾಅತ್‌ಗಳಿಗೆ ಶಕ್ತಿ ಇದೆ. ಮದುವೆಗೆ ನೆರವು ಕೊಡುತ್ತೇವೆ, ರಕ್ತದಾನ ಶಿಬಿರ ಮಾಡುತ್ತೇವೆ, ಆಸ್ಪತ್ರೆ ಬಿಲ್‌ಗೆ ಒಂದೇ ರಾತ್ರಿಯಲ್ಲಿ ಲಕ್ಷ ಒಟ್ಟು ಮಾಡುವ ಯುವಕರಿದ್ದಾರೆ. ಬಿಲ್ ಕಟ್ಟಿದ ಮೇಲಿನ ತಿಂಗಳುಗಳಿಗೂ ಈ ಶಕ್ತಿ ಬೇಕು.

ಮೊದಲನೆಯದು, ಮೂರು ತಿಂಗಳಿಗೊಮ್ಮೆ ಮದ್ರಸದ ಹಾಲ್‌ನಲ್ಲಿ ಹೆಂಗಸರಿಗೆ ಎರಡು ಗಂಟೆಯ ತರಬೇತಿ. ನಮ್ಮ ಸಮುದಾಯದಲ್ಲೇ ಈಗ ನರ್ಸಿಂಗ್, ಫಿಸಿಯೋಥೆರಪಿ ಓದಿದ ಹೆಣ್ಣುಮಕ್ಕಳು ಇದ್ದಾರೆ. ಅವರೇ ಒಂದು ಮಂಚ, ಒಂದು ಬೆಡ್‌ಶೀಟ್ ಇಟ್ಟುಕೊಂಡು ಬ್ಯಾರಿ ಭಾಷೆಯಲ್ಲಿ ಮಾಡಿ ತೋರಿಸಲಿ. ಗಂಡಸರಿಗೂ ಬೇರೆ ಕ್ಲಾಸ್ ಇರಲಿ.

ಎರಡನೆಯದು, ವೀಲ್‌ಚೇರ್, ವಾಕರ್, ಏರ್ ಬೆಡ್, ಕಮೋಡ್ ಕುರ್ಚಿಗಳನ್ನು ಎರವಲು ಕೊಡುವ ವ್ಯವಸ್ಥೆ. ಎಷ್ಟೋ ಮನೆಗಳ ಅಟ್ಟದಲ್ಲಿ ಇವು ಧೂಳು ತಿನ್ನುತ್ತಿವೆ. ಒಂದು ರಿಜಿಸ್ಟರ್, ಒಬ್ಬ ಜವಾಬ್ದಾರಿ ಇದ್ದರೆ ಸಾಕು.

ಮೂರನೆಯದು, ಪಾಳಿ. ಮಲಗಿದ ರೋಗಿ ಇರುವ ಮನೆಗಳ ಪಟ್ಟಿ ಮಾಡಿ, ವಾರಕ್ಕೆ ಒಂದು ಸಂಜೆ ಅಲ್ಲಿ ಕೂರಲು ಹತ್ತಿರದ ಇಬ್ಬರನ್ನು ಗೊತ್ತು ಮಾಡುವುದು. ಪಕ್ಕದ ಮನೆಯವರು ಹಿಂದೂ ಆಗಿರಲಿ, ಕ್ರೈಸ್ತರಾಗಿರಲಿ, ಪಟ್ಟಿಯಲ್ಲಿ ಅವರ ಮನೆಯ ರೋಗಿಯೂ ಇರಲಿ.

ನಾಲ್ಕನೆಯದು ಗಲ್ಫ್‌ನಲ್ಲಿರುವ ಗಂಡುಮಕ್ಕಳಿಗೆ. ದುಡ್ಡು ಕಳಿಸುವುದು ದೊಡ್ಡ ಕೆಲಸವೇ, ಸಂಶಯ ಇಲ್ಲ. ಆ ದುಡ್ಡಿನಲ್ಲಿ ಹಗಲಿಗೆ ಒಬ್ಬ ಸಹಾಯಕಿಯನ್ನು ಇಡಲು ಸಾಧ್ಯವೇ ನೋಡಿ. ರಜೆಗೆ ಬಂದಾಗ ಒಂದು ವಾರ ರಾತ್ರಿ ಪಾಳಿ ನೀವು ಹಿಡಿಯಿರಿ. ನಿಮ್ಮ ಬಾಪನ ಮೈ ಒರೆಸುವ ಭಾಗ್ಯ ನಿಮ್ಮದು, ಸೊಸೆ ಮಾಡುವುದು ಉಪಕಾರ.

ಬರುವ ಜುಮುಆ ಮುಗಿದ ಮೇಲೆ ಕಮಿಟಿಯವರು ಹತ್ತು ನಿಮಿಷ ಕೂತು, ನಮ್ಮ ಮೊಹಲ್ಲಾದಲ್ಲಿ ಮಲಗಿದ ರೋಗಿಗಳು ಎಷ್ಟು ಮನೆಯಲ್ಲಿದ್ದಾರೆ ಎಂದು ಬರೆಯಲಿ. ಪ್ರತಿ ಹೆಸರಿನ ಎದುರು ಅವರನ್ನು ನೋಡಿಕೊಳ್ಳುವವರು ಯಾರು ಎಂದು ಇನ್ನೊಂದು ಹೆಸರನ್ನೂ ಬರೆಯಲಿ. ಆ ಎರಡನೇ ಸಾಲಿನ ಹೆಸರುಗಳಿಗೆ ಏನು ಬೇಕು ಎಂದು ಹೋಗಿ ಕೇಳುವುದರಿಂದ ಕೆಲಸ ಶುರುವಾಗಲಿ.